ಹೆಚ್ಚು ಮತ ಪಡೆದವರು ಸೋಲುವುದು ಹೇಗೆ?

2016ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆಯಿದ್ದರೂ ಹಿಲರಿ ಕ್ಲಿಂಟನ್ ಸೋತದ್ದೇಕೆ, ಹಾಗಾದರೆ ನಿಮ್ಮ ಒಂದು ಮತಕ್ಕೆ ಬೆಲೆಯೇನು ಎಂದು ಕೇಳಿದ್ದೀರಿ. ನವೆಂಬರಿನಲ್ಲಿ ನೀವು ಗುರುತು ಹಾಕುವ ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿದ್ದರೂ, ಆ ಮತ ವಾಸ್ತವವಾಗಿ ಸಲ್ಲುವುದು ನಿಮ್ಮ ರಾಜ್ಯದಲ್ಲಿ ಅವರ ಪರವಾಗಿ ನಿಂತಿರುವ ಎಲೆಕ್ಟರುಗಳಿಗೆ, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳಿಗೆ. ಇಂಥ 538 ಮಂದಿಯಲ್ಲಿ 270 ಮಂದಿಯ ಬೆಂಬಲ ದೊರೆತವರು ಅಧ್ಯಕ್ಷರಾಗುತ್ತಾರೆ. ಮೇಯ್ನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದೆಡೆ, ಒಂದೇ ಮತದಿಂದ ಗೆದ್ದರೂ ರಾಜ್ಯದ ಅಷ್ಟೂ ಎಲೆಕ್ಟರುಗಳು ಗೆದ್ದವರ ಪಾಲಾಗುವುದರಿಂದ, ಕ್ಯಾಲಿಫೋರ್ನಿಯಾದಲ್ಲಿ ಕ್ಲಿಂಟನ್ ಗಳಿಸಿದ ಭಾರೀ ಅಂತರವು ಮಿಷಿಗನ್ನಿನಲ್ಲಿ ಸುಮಾರು 11 ಸಾವಿರ ಮತಗಳಿಂದಾದ ಸೋಲನ್ನು ತುಂಬಿಕೊಡಲಿಲ್ಲ. ಇದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ನಿಮ್ಮ ಮತ ವ್ಯರ್ಥವೆಂದು ದಯವಿಟ್ಟು ಭಾವಿಸಬೇಡಿ. 2000ರಲ್ಲಿ ಫ್ಲೋರಿಡಾದ 25 ಎಲೆಕ್ಟರುಗಳನ್ನೂ, ಅವರೊಂದಿಗೆ ಅಧ್ಯಕ್ಷ ಪದವಿಯನ್ನೂ ಜಾರ್ಜ್ ಬುಷ್ ಅವರಿಗೆ ದೊರಕಿಸಿಕೊಟ್ಟದ್ದು ಕೇವಲ 537 ಮತಗಳ ಅಂತರ.