ಮರು: ಚರ್ಚ್ ಸಿಬ್ಬಂದಿ ನಿಯಮಾವಳಿ ಹಳೆಯದಾಗಿದೆ, ಏನು ಮಾಡೋದು?

ಉಡುಪಿ ಕಡೆಯ ನಿಮ್ಮ ಚರ್ಚಿನಲ್ಲಿ ಅಡುಗೆಯವರು, ವಾಚ್‌ಮನ್, ಕಚೇರಿ ಸಿಬ್ಬಂದಿ ಸೇರಿ 8 ಜನ, ನಿಯಮಾವಳಿ 2016ರದ್ದು, ಎಲ್ಲಿಂದ ತಿದ್ದಬೇಕು ಎಂದು ಕೇಳಿದ್ದೀರಿ.

ಮೊದಲು ಸಂಬಳದ ಕಲಮು ನೋಡಿ. ಅಲ್ಲಿ ರೂಪಾಯಿ ಲೆಕ್ಕ ಬರೆದಿದ್ದರೆ ಹೊಡೆದುಹಾಕಿ. 'ರಾಜ್ಯ ಸರ್ಕಾರದ ಚಾಲ್ತಿ ಅಧಿಸೂಚನೆಯ ಕನಿಷ್ಠ ವೇತನಕ್ಕಿಂತ ಕಡಿಮೆ ಇಲ್ಲದಂತೆ' ಎಂದು ಬರೆದು, ಅಂಕಿಗಳನ್ನು ಬೇರೆ ಅನುಬಂಧಕ್ಕೆ ಹಾಕಿ. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಆಗ ಆ ಒಂದು ಹಾಳೆ ಬದಲಿಸಿದರೆ ಸಾಕು.

ಹೆಚ್ಚಿನವರು ಎಡವುವುದು ತಲೆ ಎಣಿಕೆಯಲ್ಲಿ. 10 ಅಥವಾ ಹೆಚ್ಚು ಉದ್ಯೋಗಿಗಳಿದ್ದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಬೇಕು. '8 ಜನ ತಾನೇ, ಸಮಿತಿ ಬೇಡ' ಅನ್ನಬೇಡಿ. ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013ರ ಪ್ರಕಾರ ಸಂಬಳವಿಲ್ಲದ ಸ್ವಯಂಸೇವಕರೂ ಗುತ್ತಿಗೆಯವರೂ ಉದ್ಯೋಗಿಗಳೇ. ಭಾನುವಾರ ಮಕ್ಕಳಿಗೆ ಧರ್ಮಬೋಧನೆ ಮಾಡುವ ಮೂವರನ್ನು ಸೇರಿಸಿದರೆ 11 ಆಯಿತು, ಸಮಿತಿ ಕಡ್ಡಾಯ. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಒಬ್ಬರು. ಅವಧಿ ಗರಿಷ್ಠ 3 ವರ್ಷ. ಹಳೇ ಸಮಿತಿಯ ಹೆಸರುಗಳು ಗೋಡೆಯ ಮೇಲಿದ್ದ ಮಾತ್ರಕ್ಕೆ ಅದು ಜೀವಂತವಲ್ಲ!

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ನೇಮಕಾತಿ ಪತ್ರ, ನಿಗದಿತ ಅವಧಿಯವರಿಗೆ 1 ವರ್ಷಕ್ಕೇ ಗ್ರಾಚ್ಯುಟಿ: ಈ ಕಲಮುಗಳನ್ನು ಕಾರ್ಮಿಕ ವಕೀಲರಿಗೆ ತೋರಿಸಿಯೇ ಬರೆಯಿರಿ. ಹೆರಿಗೆ ರಜೆ 12 ವಾರ ಎಂದಿದ್ದರೆ ಅದು 2017ರಲ್ಲೇ 26 ಆಗಿದೆ.

ತಿದ್ದಿದ ಪ್ರತಿಗೆ ಪಾಲನಾ ಮಂಡಳಿಯ ನಿರ್ಣಯದ ತಾರೀಕು ಹಾಕಿ, ಪ್ರತಿಯೊಬ್ಬರಿಂದಲೂ ಸಹಿ ಪಡೆಯಿರಿ. ಹಳೆಯ ಪ್ರತಿ ಎಸೆಯಬೇಡಿ.