‘ಕರಿ’ ಎಲ್ಲಿ, ‘ಕಪ್ಪು’ ಎಲ್ಲಿ?

ಕರಿ, ಕಪ್ಪು ಎರಡೂ ಒಂದೇ ಆದರೆ ‘ಕರಿಹಣ’, ‘ಕಪ್ಪುಬೇವು’ ಅಂತ ಯಾಕೆ ಅನ್ನಲ್ಲ ಅಂತ ಕೇಳಿದ್ದೀರಿ. ಬಣ್ಣ ಒಂದೇ, ಬಳಕೆ ಬೇರೆ.

ಕಪ್ಪು ಒಂಟಿಯಾಗಿ ನಿಲ್ಲುತ್ತೆ: ‘ಸೀರೆಯ ಬಣ್ಣ ಕಪ್ಪು.’ ಅಲ್ಲಿ ‘ಕರಿ’ ಹಾಕಿದರೆ ಕಿವಿಗೆ ಒಗ್ಗಲ್ಲ. ಕರಿಗೆ ಮುಂದೊಂದು ನಾಮಪದ ಬೇಕು (ಕರಿಮಣಿ, ಕರಿಹಲಗೆ, ಧಾರವಾಡದ ಕಡೆ ‘ಕರೀ ಸೀರಿ’), ಇಲ್ಲವೇ ಪ್ರತ್ಯಯ ಬೇಕು: ಕರಿಯದು, ಕರಿಯವು.

ಹೀಗೆ ಅಂಟಿಕೊಂಡ ಕರಿ ಎಷ್ಟೋ ಸಲ ಬಣ್ಣ ಹೇಳುವುದನ್ನೇ ಬಿಟ್ಟು ಜಾತಿಯ ಹೆಸರಾಗಿಬಿಡುತ್ತೆ. ಕರಿಮೆಣಸು ಬಳ್ಳಿಯಲ್ಲಿ ಹಸಿರು, ಹಣ್ಣಾದರೆ ಕೆಂಪು. ಕೊಯ್ದು ಬಿಸಿಲಿಗೆ ಒಣಗಿಸಿದ ಮೇಲೆ ಸಿಪ್ಪೆ ಸುಕ್ಕುಗಟ್ಟಿ ಕಪ್ಪಾಗುವುದು. ಆದರೂ ಬಳ್ಳಿಯಲ್ಲಿರುವಾಗಲೇ ಅದು ಕರಿಮೆಣಸು. ‘ಹಸಿರು ಕರಿಮೆಣಸು’ ಅಂದರೆ ತಪ್ಪಿಲ್ಲ, ‘ಹಸಿರು ಕಪ್ಪು ಮೆಣಸು’ ಅಂದರೆ ನಗೆಪಾಟಲು. ಕರಿಬೇವಿನ ಎಲೆಯೂ ಹಸಿರೇ ತಾನೆ?

ಹಣ, ಅಪರಾಧ, ಕಚೇರಿಗೆ ಸಂಬಂಧಿಸಿದ ಹೊಸ ಪದಗಳೆಲ್ಲ ಹೆಚ್ಚುಕಮ್ಮಿ ಕಪ್ಪಿನ ಪಾಲು: ಕಪ್ಪುಹಣ, ಕಪ್ಪುಚುಕ್ಕೆ, ಕಪ್ಪುಪಟ್ಟಿ. ಇಲ್ಲಿ ಜಾಗ ಬಿಡುವುದು ಮುಖ್ಯ. ಗುತ್ತಿಗೆದಾರನನ್ನು ಸೇರಿಸುವುದು ‘ಕಪ್ಪುಪಟ್ಟಿ’ಗೆ, ಪ್ರತಿಭಟನೆಯಲ್ಲಿ ತೋಳಿಗೆ ಕಟ್ಟುವುದು ‘ಕಪ್ಪು ಪಟ್ಟಿ’. ಪತ್ರಿಕೆಗಳೇ ಇದನ್ನು ಕಲಸಿಬಿಡುತ್ತವೆ.

ಕಪ್ಪು ಅನ್ನುವ ಅರ್ಥದ್ದೇ ಇನ್ನೊಂದು ರೂಪ ‘ಕಾರ್’. ಅದು ಬರುವುದು ಮುಗಿಲಿಗೆ, ಇರುಳಿಗೆ ಮಾತ್ರ ಅಂದುಕೊಳ್ಳಿ: ಕಾರ್ಮೋಡ, ಕಾರ್ಮುಗಿಲು, ಕಾರಿರುಳು. ಮುಂದೆ ‘ಕ’ ಬಂದರೆ ‘ಗ’ ಆಗುತ್ತೆ, ಕಾರ್ಗತ್ತಲು. ಕೂದಲಿಗೋ ಕಾರಿಗೋ ಇದನ್ನು ಅಂಟಿಸಬೇಡಿ. ಕಾರ್ಗಾಲ ಅಂದರೆ ಕಪ್ಪು ಕಾಲವಲ್ಲ, ಮಳೆಗಾಲ.

ಹೆಚ್ಚು ಜನ ಎಡವುವುದು ‘ಕರಾಳ’ದಲ್ಲಿ. ಅದು ಸಂಸ್ಕೃತದ್ದು, ಅರ್ಥ ಭಯಂಕರ. ‘ಕರಿ’ಗೂ ಅದಕ್ಕೂ ನಂಟಿಲ್ಲ. ‘ಕರಾಳ ದಿನ’ ಸರಿ, ‘ಕರಾಳ ಬಣ್ಣದ ಕೂದಲು’ ತಪ್ಪು. ‘ಕರಕಲು’ ಬೆಂಕಿಗೆ ಸಿಕ್ಕಿದ್ದಕ್ಕಷ್ಟೇ: ಸೀದು ತಳ ಹತ್ತಿದ ಅನ್ನ, ಸುಟ್ಟ ಮರ.

ಇನ್ನು ಕಡುಗಪ್ಪು, ನಸುಗಪ್ಪು ಬಣ್ಣದ ಮಟ್ಟ ಹೇಳುವ ಪದಗಳು. ‘ಕರ್ರಗೆ’ ಆಡುಮಾತಿನದು, ಸ್ವಲ್ಪ ಒತ್ತು ಜಾಸ್ತಿ. ಮೋಡಕ್ಕೂ ಸರಿ, ಕೊಳೆ ಹತ್ತಿದ ಅಂಗಿ ಕಾಲರಿಗೂ ಸರಿ.

ಮನುಷ್ಯರ ವಿಷಯದಲ್ಲಿ ಮಾತ್ರ ಹುಷಾರು. ಕರಿಯಪ್ಪ, ಕರಿಯಮ್ಮ ಗೌರವದ ಹೆಸರುಗಳೇ. ಆದರೆ ಅಪರಿಚಿತನನ್ನು ‘ಕರಿಯ’ ಅಂದರೆ ಬೈಗುಳ. ಮೈಬಣ್ಣ ಹೇಳಲೇಬೇಕಾದರೆ ‘ಕಪ್ಪು ಮೈಬಣ್ಣ’ ಅಂತ ನೇರವಾಗಿ ಬರೆಯಿರಿ, ಹೊಳಪಿದ್ದರೆ ‘ಎಣ್ಣೆಗಪ್ಪು’.