ಡಿವಿಡಿ ಎಚ್‌ಡಿ ಆಗುವುದೇ?

ಪ್ರಶ್ನೆ: ಹೊಸ ಎಚ್‌ಡಿ ಟಿವಿಯಲ್ಲಿ ನನ್ನ ಹಳೆಯ ಡಿವಿಡಿ ಪ್ಲೇಯರಿನ ಚಿತ್ರ ಮಸುಕಾಗಿ ಕಾಣುತ್ತದೆ. ಹಳದಿ ಪಿನ್ನಿನ ಕೇಬಲ್ ಬಳಸುತ್ತಿದ್ದೇನೆ. ಚಿತ್ರವನ್ನು 1080ಪಿಗೆ ಏರಿಸುವ ‘ಅಪ್‌ಸ್ಕೇಲಿಂಗ್’ ಪ್ಲೇಯರ್ ಕೊಂಡರೆ ನನ್ನ ಡಿವಿಡಿಗಳು ನಿಜವಾಗಿಯೂ ಎಚ್‌ಡಿ ಆಗುತ್ತವೆಯೇ?

ಉತ್ತರ: ಆಗುವುದಿಲ್ಲ. ಆದರೂ ಚಿತ್ರ ಸುಧಾರಿಸುವ ಸಾಧ್ಯತೆ ಸಾಕಷ್ಟಿದೆ; ಅದಕ್ಕೆ ಕಾರಣ ಮಾತ್ರ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವ ಆ ಸಂಖ್ಯೆಯಲ್ಲ.

ಪಾಲ್ ಪದ್ಧತಿಯ (ಭಾರತ, ಯುರೋಪು ಮುಂತಾದೆಡೆಯ ಟಿವಿ ಪದ್ಧತಿ) ಡಿವಿಡಿಯ ಒಂದು ಫ್ರೇಮಿನಲ್ಲಿ 720×576, ಎನ್‌ಟಿಎಸ್‌ಸಿ ಪದ್ಧತಿಯದರಲ್ಲಿ (ಅಮೆರಿಕ, ಜಪಾನ್ ಮುಂತಾದೆಡೆಯದು) 720×480 ಪಿಕ್ಸೆಲ್‌ಗಳಿರುತ್ತವೆ. ಫುಲ್ ಎಚ್‌ಡಿ ಪರದೆಯಲ್ಲಿರುವುದು 1920×1080, ಅಂದರೆ ಐದಾರು ಪಟ್ಟು. ಪರದೆ ತುಂಬಬೇಕಾದರೆ ಉಳಿದವನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳ ಆಧಾರದ ಮೇಲೆ ಲೆಕ್ಕಹಾಕಿ ತುಂಬಲೇಬೇಕು. ಈ ಕೆಲಸವನ್ನು ನಿಮ್ಮ ಟಿವಿ ಈಗಾಗಲೇ ಮಾಡುತ್ತಿದೆ. ಹೊಸ ಪ್ಲೇಯರ್ ಅದನ್ನೇ ಟಿವಿಗಿಂತ ಮೊದಲು ಮಾಡಿ ಕಳುಹಿಸುತ್ತದೆ, ಅಷ್ಟೆ. ಡಿಸ್ಕಿನಲ್ಲಿ ದಾಖಲಾಗದ ವಿವರವನ್ನು ಇಬ್ಬರೂ ಹುಟ್ಟಿಸಲಾರರು.

ಪ್ಲೇಯರಿನ ನಿಜವಾದ ಪರೀಕ್ಷೆ ಇರುವುದು ಡಿಇಂಟರ್‌ಲೇಸಿಂಗ್‌ನಲ್ಲಿ. ಡಿವಿಡಿಯ ಚಿತ್ರ ಸಾಮಾನ್ಯವಾಗಿ ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು ಎಂದು ಎರಡು ಅರ್ಧಗಳಾಗಿ ಹೊರಬರುತ್ತದೆ. ಎಚ್‌ಡಿ ಪರದೆ ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುವುದರಿಂದ ಅವೆರಡನ್ನೂ ಹೊಂದಿಸಿ ಸೇರಿಸಬೇಕಾಗುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಂತೆ ಚಿತ್ರೀಕರಣಗೊಂಡಿರುತ್ತದೆ. ಎನ್‌ಟಿಎಸ್‌ಸಿಯಲ್ಲಿ ಅದನ್ನು ಸುಮಾರು 60 ಅರ್ಧಚಿತ್ರಗಳಿಗೆ ಹಿಗ್ಗಿಸಲು ಒಂದು ಫ್ರೇಮಿನಿಂದ ಮೂರು, ಮುಂದಿನದರಿಂದ ಎರಡು ಅರ್ಧಚಿತ್ರಗಳನ್ನು ತೆಗೆಯುತ್ತಾರೆ. ಒಳ್ಳೆಯ ಪ್ಲೇಯರ್ ಈ ಮೂರು-ಎರಡರ ಸರದಿಯನ್ನು ಗುರುತಿಸಿ ಮೂಲ ಫ್ರೇಮನ್ನು ಮತ್ತೆ ಜೋಡಿಸುತ್ತದೆ. ಅಗ್ಗದ್ದು ಎಡವಿದರೆ, ಓಡುವವನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳೂ ಓರೆ ಗೆರೆಗಳಲ್ಲಿ ಮೆಟ್ಟಿಲುಗಳೂ ಕಾಣುತ್ತವೆ.

ನಿಮ್ಮ ಚಿತ್ರ ಮಸುಕಾಗಲು ಹಳದಿ ಕೇಬಲ್ಲೇ ಮುಖ್ಯ ಕಾರಣವೆಂಬುದು ನನ್ನ ಅನುಮಾನ. ಅದು ಬಣ್ಣ ಮತ್ತು ಬೆಳಕಿನ ಸಂಕೇತಗಳನ್ನು ಒಂದೇ ತಂತಿಯಲ್ಲಿ ಬೆರೆಸಿ ಒಯ್ಯುತ್ತದೆ. ಬೆರೆತದ್ದನ್ನು ಪೂರ್ತಿ ಬೇರ್ಪಡಿಸುವುದು ಟಿವಿಗೂ ಕಷ್ಟ. ಹೊಸದನ್ನು ಕೊಂಡರೆ ಚಿತ್ರವನ್ನೂ ಧ್ವನಿಯನ್ನೂ ಡಿಜಿಟಲ್ ರೂಪದಲ್ಲೇ ಒಯ್ಯುವ ಎಚ್‌ಡಿಎಂಐ ಕೇಬಲ್ ಮೂಲಕವೇ ಜೋಡಿಸಿ. ನಕಲು ತಡೆಯುವ ರಕ್ಷಣೆಯುಳ್ಳ ಡಿಸ್ಕುಗಳ ಚಿತ್ರವನ್ನು ಏರಿಸಿ ಕಳುಹಿಸಲು ಸಾಮಾನ್ಯವಾಗಿ ಆ ದಾರಿಯೊಂದರಲ್ಲೇ ಅವಕಾಶವಿದೆ.

ಜೋಡಿಸಿದ ಬಳಿಕ ಪ್ಲೇಯರಿನ ಔಟ್‌ಪುಟ್ಟನ್ನು ಒಮ್ಮೆ 576ಪಿ ಅಥವಾ 480ಪಿಗೆ (ಅಂದರೆ ಡಿವಿಡಿಯ ಮೂಲ ಗೆರೆಗಳ ಸಂಖ್ಯೆಗೆ), ಇನ್ನೊಮ್ಮೆ 1080ಪಿಗೆ ಇಟ್ಟು ಒಂದೇ ದೃಶ್ಯವನ್ನು ನೋಡಿ. ಮೊದಲನೆಯದು ಚೆನ್ನಾಗಿ ಕಂಡರೆ ಚಿತ್ರವನ್ನು ಏರಿಸುವ ನಿಮ್ಮ ಟಿವಿಯ ಭಾಗ, ಅಂದರೆ ಸ್ಕೇಲರ್, ಪ್ಲೇಯರಿನದಕ್ಕಿಂತ ಮೇಲು ಎಂದರ್ಥ, ಹಾಗೆಯೇ ಬಿಡಿ. ಟಿವಿಯ ಶಾರ್ಪ್‌ನೆಸ್ಸನ್ನು ಏರಿಸುವ ಆಸೆ ಮಾತ್ರ ಬೇಡ, ಅದು ಅಂಚುಗಳ ಸುತ್ತ ಬಿಳಿಯ ಗೆರೆ ಎಳೆಯುತ್ತದೆಯೇ ಹೊರತು ವಿವರ ತರುವುದಿಲ್ಲ. ಹೇಗೂ ಹಣ ಹಾಕುವುದಾದರೆ ಬ್ಲೂ-ರೇ ಪ್ಲೇಯರನ್ನೇ ನಾನು ಸೂಚಿಸುತ್ತೇನೆ: ಅದು ಡಿವಿಡಿಯನ್ನೂ ಹೀಗೆಯೇ ಏರಿಸಿ ತೋರಿಸುತ್ತದೆ, ನಿಜವಾದ 1080ಪಿ ಡಿಸ್ಕುಗಳನ್ನೂ ಓದುತ್ತದೆ.